ಮರೆವ್ವನ ಹುಡುಕುವ ಕೀಲಿ

ಅಣ್ಣಿಗೇರಿಯ ಸಮುದಾಯ ರೇಡಿಯೊದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಭಾಗ್ಯಾ ಒಂದು ವಿಚಿತ್ರ ಕಂಡಳು. ಕಂಪ್ಯೂಟರಿನ ಮುಂದೆ ಕೂತಿದ್ದ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಮೇಲ್ಬಾಣದ ಕೀಲಿಯನ್ನು ಒತ್ತುತ್ತ ಬಾಯಲ್ಲಿ ಎಣಿಸುತ್ತಿದ್ದಳು. "ಐವತ್ತೆಂಟು, ಐವತ್ತೊಂಬತ್ತು, ಅರವತ್ತು..." ಕಪ್ಪು ಪರದೆಯ ಮೇಲೆ ಹಿಂದೆಂದೋ ಬೆರಳಚ್ಚಿಸಿ ಕೊಟ್ಟ ಕಮಾಂಡುಗಳು, ಅಂದರೆ ಆಜ್ಞೆಯ ಸಾಲುಗಳು, ಒಂದಾದ ಮೇಲೊಂದು ಬಂದು ಹೋಗುತ್ತಿದ್ದವು. ಅರವತ್ಮೂರಕ್ಕೆ ಆಕೆ ನಿಂತಳು. ಸಾಲಿನಲ್ಲಿದ್ದ ಟೇಪಿನ ನಂಬರನ್ನಷ್ಟೇ ಬದಲಿಸಿ ಎಂಟರ್ ಒತ್ತಿದಳು.

"ಯಾಕ ಎಣಸ್ತೀರಿ?" ಎಂದು ಭಾಗ್ಯಾ ಕೇಳಿದಳು.

"ಗುಂಯ್ ಅನ್ನೂ ಟೇಪಿನ ಔಷಧ ಅಲ್ಲೇ ಎಲ್ಲೋ ಐತಿ ತಂಗಿ. ನಿನ್ನಿ ಬರೇ ನೋಡಿಟ್ಟಾಗ ಐವತ್ತೊಂದಕ್ಕಿತ್ತು. ಆಮ್ಯಾಲೆ ಹನ್ನೆರಡು ಕೆಲಸ ಮಾಡೇನಿ. ಲೆಕ್ಕ ಹಾಕು, ಇವತ್ತು ಅರವತ್ಮೂರು."

ಅವಳ ಹೆಸರು ಮರೆವ್ವ. ಹತ್ತು ವರ್ಷದ ಹಿಂದೆ ರೇಡಿಯೊದ ಕೋಣೆಗಳನ್ನು ಕಸ ಹೊಡೆದು ಒರೆಸಲು ಬಂದವಳು. ಆಗ ಇಲ್ಲಿ ತಂತ್ರಜ್ಞನಾಗಿದ್ದ ರಮಜಾನ್, ಊರೂರಿನಿಂದ ತಂದ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದ. ಸೋಬಾನೆ ಪದ, ಬೀಸುಕಲ್ಲಿನ ಪದ, ಭಜನೆ, ದೊಡ್ಡಾಟದ ಹಾಡು. ಒಂದು ದಿನ ನೆಲ ಒರೆಸುತ್ತಿದ್ದ ಮರೆವ್ವ ತಲೆ ಎತ್ತಿ, "ಈ ಮುದುಕನ ದನಿ ಇಷ್ಟು ಸಣ್ಣ ಇದ್ದಿಲ್ಲೋ ತಮ್ಮಾ, ಟೇಪ್ ಓಡಾಕತ್ತೈತಿ" ಅಂದಳು. ರಮಜಾನ್ ಪರೀಕ್ಷಿಸಿದ. ಹೌದು, ಇರಬೇಕಾದ್ದಕ್ಕಿಂತ ಜೋರಾಗಿ ಓಡುತ್ತಿತ್ತು. ಅಂದಿನಿಂದ ಅವನು ಹೆಡ್‌ಫೋನನ್ನು ಅವಳ ತಲೆಗೇ ಹಾಕತೊಡಗಿದ. ಅವನಿಗೆ ಗದಗಿನಲ್ಲಿ ಬೇರೆ ನೌಕರಿ ಸಿಕ್ಕಾಗ ಅವಳಿಗೆ ಬಿಟ್ಟುಹೋದದ್ದು ಅವನು ಬೆರಳಚ್ಚಿಸಿದ್ದ ಕಮಾಂಡುಗಳು ಮಾತ್ರ. ಮರೆವ್ವ ಕಲಿತದ್ದು ಏಳನೆಯ ಇಯತ್ತೆಯವರೆಗೆ. ಇಂಗ್ಲಿಷಿನ ಅಕ್ಷರ ಗುರುತಿತ್ತು, ಅರ್ಥ ಇರಲಿಲ್ಲ. ಆದರೂ ಎರಡು ವರ್ಷದಿಂದ ಟೇಪಿನ ಕೆಲಸವೆಲ್ಲ ಆ ಹಳೆಯ ಸಾಲುಗಳ ಮೇಲೆಯೇ ನಡೆದಿತ್ತು.

ನವಲಗುಂದದಲ್ಲಿ ಡಿಪ್ಲೊಮಾ ಮುಗಿಸಿ ಬಂದ ಭಾಗ್ಯಾಳಿಗೆ ಇದನ್ನು ಸುಲಭ ಮಾಡಿಕೊಡಬೇಕೆನ್ನಿಸಿತು. "ಮರೆವ್ವಕ್ಕ, ನಾಲ್ಕು ಬಟನ್ ಮಾಡಿಕೊಡ್ತೀನ್ರಿ. ಒತ್ತಿದ್ರ ಮುಗೀತು."

"ನಾಲ್ಕು ಸಾಲೂದಿಲ್ಲ. ಒಂದೊಂದು ಟೇಪಿನ ಬ್ಯಾನಿ ಒಂದೊಂದು ನಮೂನಿ. ಜ್ವರದ ಗುಳಿಗಿ ಹೊಟ್ಟಿನೋವಿಗೆ ಕೊಟ್ಟರ ಹೆಂಗ?"

ಸರಿ, ಬಟನ್ ಬೇಡ. ಕಂಟ್ರೋಲ್ ಮತ್ತು ಆರ್ ಎರಡನ್ನೂ ಕೂಡಿಸಿ ಒತ್ತಿ, ಸಾಲಿನೊಳಗಿನ ನಾಲ್ಕಕ್ಷರ ಹೊಡೆದರೆ ಹಳೆಯ ಕಮಾಂಡು ತಾನೇ ಎದ್ದು ಬರುತ್ತದೆಂದು ಭಾಗ್ಯಾ ತೋರಿಸಿದಳು. ಮರೆವ್ವ ಒಂದು ವಾರ ಅದನ್ನೇ ಬಳಸಿದಳು. ಎರಡನೆಯ ಸೋಮವಾರ ಅನಾಹುತ ಆಯಿತು. ಅಕ್ಷರ ಹೊಡೆದಾಗ ಎದ್ದುಬಂದ ಸಾಲು ಅವಳಿಗೆ ಬೇಕಾದದ್ದರ ಹಾಗೆಯೇ ಕಾಣುತ್ತಿತ್ತು, ಆದರೆ ಅದು ಬೇರೆ ಸಾಲು. ಎಂಟರ್ ಒತ್ತಿದ ಕೂಡಲೇ, ಮೂರು ದಿನ ಕೂತು ಶುದ್ಧ ಮಾಡಿದ್ದ ಅಳ್ನಾವರದ ಭಜನೆಯ ಮೇಲೆ ಮೊದಲಿನ ಕರಕರ ಸದ್ದಿನ ಪ್ರತಿ ಬಂದು ಕೂತಿತು.

ಭಾಗ್ಯಾಳ ಮುಖ ಸಣ್ಣದಾಯಿತು. ಕಲಿಸಿದವಳು ತಾನೇ. "ತಪ್ಪು ನಂದ್ರಿ" ಎಂದಳು.

ಮರೆವ್ವ ಅಳಲಿಲ್ಲ, ಬೈಯಲೂ ಇಲ್ಲ. ಹೆಡ್‌ಫೋನ್ ಕೊರಳಿಗೆ ಇಳಿಸಿಕೊಂಡು, ಗೋಡೆಯ ಕಪಾಟಿನಲ್ಲಿ ಸಾಲಾಗಿ ನಿಂತ ಕ್ಯಾಸೆಟ್ಟುಗಳ ಕಡೆ ತಿರುಗಿದಳು. ಪ್ರತಿ ಡಬ್ಬಿಯ ಬೆನ್ನಿಗೂ ಅವಳ ಕೈಬರಹದ ಚೀಟಿ ಇತ್ತು.

"ಟೇಪ್ ಐತೆಲ್ಲಾ, ಮತ್ತ ಮಾಡೂಣು. ಆದರ ಒಂದು ಮಾತು ಕೇಳ್ತೀನಿ. ಡಬ್ಬಿಗೆ ಚೀಟಿ ಹಚ್ಚೇವಿ. ಈ ಸಾಲಿಗೂ ಒಂದು ಚೀಟಿ ಹಚ್ಚಾಕ ಬರೂದಿಲ್ಲನು? ಕನ್ನಡದಾಗ?"

ಭಾಗ್ಯಾ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಬರುತ್ತಿತ್ತು. ಕಮಾಂಡಿನ ಕೊನೆಗೆ ಒಂದು ಹ್ಯಾಶ್ (#) ಗುರುತು ಹಾಕಿದರೆ, ಅದರ ಮುಂದೆ ಏನು ಬರೆದರೂ ಯಂತ್ರ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಆದರೆ ಹಳೆಯ ಕಮಾಂಡುಗಳ ಪಟ್ಟಿಯಲ್ಲಿ ಮಾತ್ರ ಪೂರ್ತಿ ಸಾಲು ಉಳಿಯುತ್ತದೆ. ಡಿಪ್ಲೊಮಾದಲ್ಲಿ ಓದಿದ ಮಾತೇ. ಅದು ಚೀಟಿ ಆಗಬಲ್ಲದೆಂದು ಮಾತ್ರ ಅವಳಿಗೆ ಎಂದೂ ಹೊಳೆದಿರಲಿಲ್ಲ.

ಅಂದು ಇಬ್ಬರೂ ಊಟ ಮರೆತು ಕೂತರು. ಕಂಟ್ರೋಲ್ ಆರ್ ಬಿಟ್ಟು ಭಾಗ್ಯಾ ಮೊದಲು ಕಟ್ಟಿಕೊಟ್ಟ ಹೊಸ ಹುಡುಕಾಟ ಸಾಲಿನ ಆರಂಭವನ್ನಷ್ಟೇ ಹೊಂದಿಸಿ ನೋಡುತ್ತಿತ್ತು. ಚೀಟಿ ಇರುವುದು ಬಾಲದಲ್ಲಿ, ಅದು ಸಿಗಲಿಲ್ಲ. ಕೈಪಿಡಿ ತಿರುವಿ, ಸಾಲಿನ ನಡುವೆ ಎಲ್ಲಿದ್ದರೂ ಹುಡುಕುವ ಬಗೆಯನ್ನು ಕಂಡುಕೊಂಡಳು. ಅದರಲ್ಲಿ ಇನ್ನೊಂದು ಅನುಕೂಲವಿತ್ತು. ಸಿಕ್ಕ ಸಾಲು ಮುಂದೆ ಬಂದು ನಿಲ್ಲುತ್ತದೆ, ಓದಿ ತಿದ್ದಲು ಬಿಡುವು ಕೊಡುತ್ತದೆ.

"ಯಾವ ಕೀಲಿಗೆ ಕಟ್ಟಲಿ?"

"ಎಡಗೈ ಕೇಳಬ್ಯಾಡ" ಅಂದಳು ಮರೆವ್ವ. ಅವಳ ಎಡಗೈ ಯಾವಾಗಲೂ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಿರುತ್ತಿತ್ತು. "ಬಲಗೈಯ ಒಂದು ಬೆರಳಿಗೆ ಸಿಗಬೇಕು. ದಾಟಿ ಹೋದರ ತಿರುಗಿ ಬರಾಕೂ ಒಂದು ಬೇಕು."

ಹಿಂದಕ್ಕೆ ಹುಡುಕಲು ಎಫ್ ಐದು, ಮುಂದಕ್ಕೆ ಬರಲು ಎಫ್ ಆರು ಎಂದಾಯಿತು. ಸೆಟ್ಟಿಂಗಿನ ಕಡತದಲ್ಲಿ ಎರಡೇ ಸಾಲು. ಯಂತ್ರ ಎರಡು ಸಾವಿರ ಕಮಾಂಡಿನಾಚೆಯದನ್ನು ಅಳಿಸಿ ಹಾಕುತ್ತಿದೆ ಎಂಬುದೂ ಆಗಲೇ ಕಣ್ಣಿಗೆ ಬಿದ್ದು, ಭಾಗ್ಯಾ ಆ ಮಿತಿಯನ್ನೂ ತೆಗೆದಳು.

ಒಂದು ತೊಡಕು ಉಳಿಯಿತು. ಆ ಕಪ್ಪು ಪರದೆಗೆ ಕನ್ನಡದ ಒತ್ತಕ್ಷರ ಒಗ್ಗುತ್ತಿರಲಿಲ್ಲ. 'ಬ್ಯಾಟರಿ' ಎಂದು ಬರೆದರೆ ಅಕ್ಷರಗಳು ಚದುರಿ ಬೀಳುತ್ತಿದ್ದವು. ಭಾಗ್ಯಾ ಫಾಂಟು ಬದಲಿಸಿ ಬದಲಿಸಿ ಸೋತಳು. ಮರುದಿನ ಬಂದಾಗ ಮರೆವ್ವ ಒಂದು ಹಾಳೆಯಲ್ಲಿ ಪದಗಳನ್ನು ಬರೆದಿಟ್ಟಿದ್ದಳು. ಬ್ಯಾಟರಿಗೆ ಸೆಲು. ಗುಯಿಗುಯಿ. ಕರಕರ. ತೂಗಾಡುವ ದನಿಗೆ ಜೋಲಿ. ಒಂದರಲ್ಲೂ ಒತ್ತಕ್ಷರ ಇರಲಿಲ್ಲ.

"ಪರದಿ ಬದಲಾಗದಿದ್ರ ಬಿಡು. ಮಾತು ಬದಲ್ ಮಾಡೀನಿ."

ಭಾಗ್ಯಾ ಆ ಹಾಳೆಯನ್ನು ಎರಡು ಸಲ ಓದಿದಳು. ಮೂರು ವರ್ಷ ಕಂಪ್ಯೂಟರ್ ಕಲಿತ ತಾನು ಯಂತ್ರದ ಹಿಂದೆ ಓಡಿದ್ದೆ, ಇವಳು ಕೂತಲ್ಲಿಂದಲೇ ದಾರಿ ಕಂಡಳು ಅನ್ನಿಸಿತು. ಅಸೂಯೆ ಆಗಲಿಲ್ಲ. ದಿನವೂ ಅವಳ ಬಾಜು ಕುರ್ಚಿ ಹಾಕಿಕೊಂಡು ಕೂರಬೇಕು ಅನ್ನಿಸಿತು.

ಕೆಲ ತಿಂಗಳಾದ ಮೇಲೆ, ರೇಡಿಯೊ ನಡೆಸುವ ನಿವೃತ್ತ ಮಾಸ್ತರ ಈರಬಸಪ್ಪನವರು ದೇವಿಕೊಪ್ಪದ ಗುರವ್ವ ಎಂಬವಳನ್ನು ಕರೆದುಕೊಂಡು ಬಂದರು. ಅವಳ ಸೆರಗಿನಲ್ಲಿ ಒಂದು ಕ್ಯಾಸೆಟ್ಟಿತ್ತು. ಮೂವತ್ತು ವರ್ಷದ ಹಿಂದೆ ಅವಳ ತಾಯಿ ಹಾಡಿದ ಬೀಸುಕಲ್ಲಿನ ಪದ. ತಾಯಿ ಹೋಗಿ ಹದಿನಾರು ವರ್ಷವಾಗಿತ್ತು.

"ಹಚ್ಚಿದ್ರ ಸಣ್ಣ ಹುಡುಗಿ ಚೀರಿದಂಗ ಕೇಳತೈತ್ರಿ" ಎಂದಳು ಗುರವ್ವ. "ನಮ್ಮವ್ವನ ದನಿ ಹಂಗಿದ್ದಿಲ್ಲ."

ಮರೆವ್ವ ಅದಕ್ಕೊಂದು ನಂಬರು ಕೊಟ್ಟು ಕಂಪ್ಯೂಟರಿಗೆ ಇಳಿಸಿ, ಅರ್ಧ ನಿಮಿಷ ಕೇಳಿದಳು. "ಪದ ತುಂಬಿಸುವಾಗ ಸೆಲ್ ಇಳಿದಿತ್ತು. ಟೇಪ್ ಸಾವಕಾಶ ತಿರಿಗೈತಿ. ಅದಕ್ಕ ಈಗ ಓಡಾಕತ್ತೈತಿ." ಬಲಗೈಯಿಂದ 'ಸೆಲು' ಎಂದು ಹೊಡೆದು ಎಫ್ ಐದು ಒತ್ತಿದಳು. ಮೊದಲು ಬಂದದ್ದು ಹೆಬಸೂರಿನ ಟೇಪಿನ ಸಾಲು. ಮತ್ತೊಮ್ಮೆ ಒತ್ತಿದಳು, ಬೇರೊಂದು ಊರು. ಮೂರನೆಯದು ಬಂದಾಗ ಬೆರಳು ನಿಂತಿತು. ಬೀಸುಕಲ್ಲಿನ ಸದ್ದನ್ನು ಉಳಿಸಿ ದನಿಯನ್ನಷ್ಟೇ ಎತ್ತಿ ತೋರಿಸಿದ ಸಾಲು ಅದು. ಟೇಪಿನ ನಂಬರು ತಿದ್ದಿದಳು, ವೇಗವನ್ನು ನೂರರಿಂದ ತೊಂಬತ್ನಾಲ್ಕಕ್ಕೆ ಇಳಿಸಿಟ್ಟಳು. ಇಷ್ಟಕ್ಕೆಲ್ಲ ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

"ಅವ್ವನ ದನಿ ನನಗ ಗೊತ್ತಿಲ್ಲ. ನೀವ ಹೇಳಬೇಕು" ಎಂದು ಹೆಡ್‌ಫೋನ್ ತೆಗೆದು ಗುರವ್ವನ ಕಿವಿಗೆ ಇಟ್ಟಳು.

ಗುರವ್ವ ತಲೆಯಾಡಿಸಿದಳು. ಇಲ್ಲ. ಮರೆವ್ವ ತೊಂಬತ್ತಕ್ಕೆ ಇಳಿಸಿದಳು. "ಈಗ ಗಂಡಸಾತು" ಎಂದು ಗುರವ್ವ ನಕ್ಕಳು. ತೊಂಬತ್ತೆರಡಕ್ಕೆ ಇಟ್ಟಾಗ ನಗು ನಿಂತಿತು. ಅವಳು ಎರಡೂ ಕೈಯಿಂದ ಹೆಡ್‌ಫೋನ್ ಹಿಡಿದುಕೊಂಡಳು. ಅವಳ ಬಲ ಮೊಣಕೈ ತಾನಾಗಿಯೇ ಸುತ್ತು ತಿರುಗತೊಡಗಿತು, ಎದುರಿಗೆ ಬೀಸುಕಲ್ಲು ಇದ್ದ ಹಾಗೆ.

"ಇದ. ಇದ ನಮ್ಮವ್ವ."

ಈರಬಸಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಮರೆವ್ವ ಆಗಲೇ ಸಾಲಿನ ತುದಿಗೆ ಚೀಟಿ ಹಚ್ಚುತ್ತಿದ್ದಳು. 'ಸೆಲು, ಬೀಸುವ ಪದ, ಗುರವನ ತಾಯಿ.' ಒತ್ತಕ್ಷರ ಬಿಟ್ಟು ಗುರವ್ವ 'ಗುರವ' ಆದದ್ದನ್ನು ಭಾಗ್ಯಾ ಅವಳ ಹಿಂದೆ ನಿಂತು ನೋಡುತ್ತಿದ್ದಳು.

ಆ ಗುರುವಾರ ಸಂಜೆ ಪದ ಪ್ರಸಾರವಾಯಿತು. ಗುರವ್ವನ ಬಾಯಿಂದ ಸುದ್ದಿ ಹಬ್ಬಿ, ಮುಂದಿನ ಸಂತೆಯ ಹೊತ್ತಿಗೆ ಕಲಘಟಗಿ ಕಡೆಯಿಂದ ಹನ್ನೊಂದು ಕ್ಯಾಸೆಟ್ಟು ಬಂದವು. ಈರಬಸಪ್ಪನವರು ಗೋಡೆಯ ಹಲಗೆಯ ಮೇಲೆ ಮರೆವ್ವನ ಹೆಸರಿನ ಮುಂದೆ 'ಧ್ವನಿ ಸಂಗ್ರಹ ಮುಖ್ಯಸ್ಥೆ' ಎಂದು ಬರೆಸಿದರು. ಕಸ ಹೊಡೆಯಲು ಬೇರೆಯವರು ಬಂದರು.

ಭಾಗ್ಯಾ ತನ್ನ ಕಂಪ್ಯೂಟರಿನಲ್ಲೂ ಅವೇ ಎರಡು ಕೀಲಿ ಕಟ್ಟಿಕೊಂಡು ಕಮಾಂಡುಗಳಿಗೆ ಚೀಟಿ ಹಚ್ಚತೊಡಗಿದಳು. ಒಂದು ಮಧ್ಯಾಹ್ನ ಮರೆವ್ವ ಬಂದು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಸಾಲಿನ ಕೊನೆಗೆ ಭಾಗ್ಯಾ ಎರಡು ಪೂರ್ತಿ ವಾಕ್ಯ ಬರೆದಿದ್ದಳು.

"ಅರ್ಜಿ ಬರದಂಗ ಬರಿಬ್ಯಾಡ ತಂಗಿ" ಅಂದಳು ಮರೆವ್ವ. "ನಾಳೆ ಮರತಾಗ ಬಾಯಾಗ ಯಾವ ಮಾತು ಮೊದಲು ಬರತೈತಿ ನೋಡು. ಅಷ್ಟ ಬರಿ."

ಭಾಗ್ಯಾ ಎರಡೂ ವಾಕ್ಯ ಅಳಿಸಿ, ಯೋಚಿಸಿ, ಒಂದೇ ಪದ ಬರೆದಳು.