ಬೇವಿನ ಮರದ ಮೊಳೆ

ನಾಗಭೂಷಣಗೌಡರ ಹೊಲದ ಬದುವಿನಲ್ಲಿ ಒಂದು ಬೇವಿನ ಮರ. ಅದರ ಬೊಡ್ಡೆಗೆ ಒಂದು ಮೊಳೆ. ಹೊಡೆದವರು ಗೌಡರ ತಂದೆ. ಬೇಸಿಗೆಯಲ್ಲಿ ಶೇಂಗಾ ಕೀಳಲು ಬರುವ ಹುಡುಗ ಹುಡುಗಿಯರು ಆ ಮೊಳೆಯ ಕೆಳಗೆ ನಿಲ್ಲಬೇಕು. ತಲೆ ಮುಟ್ಟಿದರೆ ಪೂರ್ತಿ ಆಳು, ನಾನೂರು ರೂಪಾಯಿ. ಮುಟ್ಟದಿದ್ದರೆ ಅರ್ಧಾಳು, ಇನ್ನೂರು. ಕೀಳುವ ಸಾಲು ಮಾತ್ರ ಎಲ್ಲರಿಗೂ ಒಂದೇ ಉದ್ದ.

ಹಿರಿಯೂರು ಕಡೆಯ ಬಿಸಿಲು. ಬೋರಿನ ನೀರು ಹಾಯಿಸಿ ನೆನೆಸಿದ ಹೊಲವನ್ನು ಮಧ್ಯಾಹ್ನದೊಳಗೆ ಕೀಳಬೇಕು. ನೆಲ ಆರಿದರೆ ಬಳ್ಳಿ ಕೈಗೆ ಬರುತ್ತದೆ, ಕಾಯಿ ಮಣ್ಣಲ್ಲೇ ಉಳಿಯುತ್ತದೆ.

ಚಿತ್ತಮ್ಮ ಈ ಸಲ ಮೊಮ್ಮಗಳು ನಾಗಶ್ರೀಯನ್ನೂ ಕರೆತಂದಿದ್ದಳು. ಪಿಯುಸಿ ಮುಗಿಸಿದ ಹುಡುಗಿ, ನರ್ಸಿಂಗ್ ಸೇರಬೇಕು. ಸೀಟು ಹಿಡಿಯಲು ಮೂರೂವರೆ ಸಾವಿರ. ಕೆಲಸ ಹತ್ತು ದಿನ. ಮೊಳೆ ಒಪ್ಪಿದರೆ ಸೀಟು, ಇಲ್ಲದಿದ್ದರೆ ಮನೆ.

ನಾಗಶ್ರೀ ನಿಂತಳು. ತಲೆಗೂ ಮೊಳೆಗೂ ನಾಲ್ಕು ಬೆರಳು ಉಳಿಯಿತು. ಅವಳೂ ಸೇರಿ ಹನ್ನೊಂದು ಮಂದಿ ಹುಡುಗರಲ್ಲಿ ಒಬ್ಬರೂ ಮುಟ್ಟಲಿಲ್ಲ.

"ಮುದ್ದೆ ಉಂಡು ಬೆಳ್ಕಂಡು ಬಾರವ್ವ, ನಾಳೆನೇ ಪೂರ್ತಿ ಕೊಡ್ತೀನಿ," ಅಂದರು ಗೌಡರು. ಆಳುಗಳೂ ನಕ್ಕರು.

ಚಿತ್ತಮ್ಮ ನಗಲಿಲ್ಲ. ಅವಳ ಮದುವೆಯಾದ ವರ್ಷ ಆ ಮೊಳೆ ಅವಳ ಕಿವಿಯ ಸಮಕ್ಕಿತ್ತು. ಮರೆಯುವ ಹಾಗಿಲ್ಲ, ಓಲೆ ಅದಕ್ಕೆ ಸಿಕ್ಕಿ ಕಿವಿ ಹರಿದದ್ದು ಇವತ್ತಿಗೂ ಕೂಡಿಲ್ಲ. ಹೋಗಿ ನಿಂತಳು. ಈಗ ಮೊಳೆ ನೆತ್ತಿಗಿಂತ ಮೇಲಿತ್ತು.

"ಗೌಡ್ರೇ, ಹಂಗಾರೆ ನಾನೂ ಅರ್ಧಾಳಾ?"

"ವಯಸ್ಸಾತಲ್ಲ ಚಿತ್ತಮ್ಮ, ಕುಗ್ಗಿದೀಯ. ಮರನೂ ಬೆಳಿತೈತೆ, ಮೊಳೆ ಮೇಲಕ್ಕೆ ಹೋಗ್ತೈತೆ."

ಚಿತ್ತಮ್ಮ ಶೇಂಗಾ ಕೀಳುತ್ತಲೇ ಮರ ನೋಡಿದಳು. ರೆಂಬೆ ಮೇಲೇಳುತ್ತದೆ, ಬೊಡ್ಡೆ ದಪ್ಪವಾಗುತ್ತದೆ, ಹೊಡೆದ ಮೊಳೆ ಹೊಡೆದಲ್ಲೇ ಇರುತ್ತದೆ. ಮಧ್ಯಾಹ್ನ ಹುಡುಗರು ಬುತ್ತಿ ಬಿಚ್ಚಿ ಬೇವಿನ ಬೇರಿನ ಮೇಲೆ ಕುಂತರು. ಬೇರುಗಳು ಬೆಂಚಿನ ಹಾಗೆ ಎದ್ದಿದ್ದವು. ಅವಳ ಕಾಲದಲ್ಲಿ ಅಲ್ಲಿ ಬೇರೇ ಕಾಣುತ್ತಿರಲಿಲ್ಲ. ವರ್ಷಾ ವರ್ಷ ಗೌಡರ ಕಣ ಮೆತ್ತಲು ಮರದ ಬುಡದಿಂದಲೇ ಮಣ್ಣು ಹೋಗಿ ನೆಲ ತಗ್ಗಿತ್ತು. ಹೊತ್ತವರಲ್ಲಿ ಅವಳೂ ಒಬ್ಬಳು.

ಕೆಲಸ ಬಿಟ್ಟ ಮೇಲೆ ಇದನ್ನು ಮೊದಲು ಹೆಂಗಸರಿಗೆ ಹೇಳಿದಳು, ಆಮೇಲೆ ಹುಡುಗರಿಗೆ. ನಾವೇ ಮಣ್ಣು ಹೊತ್ತು ನಾವೇ ಗಿಡ್ಡಾದೆವಲ್ಲ ಎಂದು ಒಬ್ಬಳು ಹಣೆ ಚಚ್ಚಿಕೊಂಡಳು. ಹೊತ್ತು ಮುಳುಗುವ ಮುಂಚೆ ಹಳೆಯ ಕಣದ ಮಣ್ಣು ಅಗೆದು ಪುಟ್ಟಿಯಲ್ಲಿ ತಂದು ಬೇವಿನ ಬುಡಕ್ಕೆ ಸುರಿದರು. ನೀರು ಚಿಮುಕಿಸಿ ತುಳಿದರು. ಬೇರುಗಳು ಮುಚ್ಚಿಹೋದವು.

ಬೆಳಿಗ್ಗೆ ಹನ್ನೊಂದು ತಲೆಗಳೂ ಮೊಳೆ ಮುಟ್ಟಿದವು. ನಾಗಶ್ರೀಗೆ ಅದು ಕಿವಿಯ ಸಮಕ್ಕೆ ಬಂತು. ಚಿತ್ತಮ್ಮ ಅವಳ ಓಲೆಯನ್ನು ಮೊದಲೇ ಬಿಚ್ಚಿಸಿದ್ದಳು.

ಗೌಡರು ಬಂದು ನೆಲ ನೋಡಿದರು.

"ಇಲ್ಲಿ ಮಣ್ಣು ಹಾಕಿದೋರು ಯಾರು?"

"ಹಾಕಿಲ್ರಿ. ಹೊತ್ಕಂಡು ಹೋಗಿದ್ದನ್ನ ವಾಪಸ್ ತಂದಿಟ್ಟಿದೀವಿ," ಅಂದಳು ಚಿತ್ತಮ್ಮ.

ಗೌಡರು ಮೆಟ್ಟಿನ ತುದಿಯಿಂದ ಮಣ್ಣು ಕೆದಕಿದರು. ಆಮೇಲೆ ಏನೂ ಆಗಿಲ್ಲವೆಂಬಂತೆ, ಅರ್ಧಾಳುಗಳೆಲ್ಲ ಸಾಲು ಹಿಡೀರಿ ಅಂದರು. ಹುಡುಗರು ಮರದ ನೆರಳಲ್ಲಿ ಕುಂತರು. ಪೂರ್ತಿ ಆಳಿನ ಹೆಂಗಸರೂ ಪಕ್ಕದಲ್ಲಿ ಕುಂತರು. ರಾತ್ರಿ ನೀರು ಕುಡಿದ ಹೊಲ ಅಂಚಿನಿಂದ ಆರಿ ಬಿಳಿಚತೊಡಗಿತ್ತು.

ಚಿತ್ತಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದಳು:

"ಇವತ್ತು ಅರ್ಧಾಳು ಯಾರೂ ಬಂದಿಲ್ರಿ, ಗೌಡ್ರೇ."