ಹಕಾರದ ಅಧಿಕಪ್ರಸಂಗ

ಇದು ನಡೆದ ಕಥೆ. ಒಂದಕ್ಷರವನ್ನೂ ಸೇರಿಸಿಲ್ಲ. ಒಂದಕ್ಷರ ಸೇರಿಸಿದ್ದರಿಂದಲೇ ಇಷ್ಟೆಲ್ಲ ಆದದ್ದು, ಇನ್ನು ಆ ಸಹವಾಸ ಬೇಡ.

ನಮ್ಮ ಕ್ರೈಸ್ತ ಸಭೆಗಳಲ್ಲಿ ಭಾನುವಾರದ ಉಪದೇಶಕ್ಕೆ ಪ್ರಸಂಗ ಎನ್ನುತ್ತಾರೆ. ಸಭಾಪಾಲಕನಾಗುವವನಿಗೆ ಪ್ರಸಂಗ ಮಾಡಲು ಬರಬೇಕು. ನನಗೆ ಹುಟ್ಟಿನಿಂದ ಬಂದದ್ದು ಅಧಿಕಪ್ರಸಂಗ. ಮೈಸೂರಿನಲ್ಲಿ ಬಿ.ಎ. ಓದುವಾಗ ಮೇಷ್ಟ್ರುಗಳ ದನಿಯಲ್ಲಿ ಹಾಜರಿ ಕೂಗಿ ಕ್ಲಾಸು ಬಿಡಿಸುತ್ತಿದ್ದೆ. ೧೯೯೭ರಲ್ಲಿ ಟಿ. ನರಸೀಪುರದ ಸಭಾಪಾಲಕರ ತರಬೇತಿ ಶಾಲೆಗೆ ಸೇರಲು ಬಂದಾಗ ಆ ಚಾಳಿಯನ್ನೂ ಟ್ರಂಕಿನಲ್ಲಿ ಮಡಚಿಟ್ಟುಕೊಂಡು ಬಂದೆ.

ಶಾಲೆ ಎಂದರೆ ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆ, ಹದಿನಾಲ್ಕು ಮಂದಿ ಶಿಷ್ಯರು. ವಾಕ್ಯ ಬಿಡಿಸಿ ಹೇಳುವುದು ಹೇಗೆ, ಮಣ್ಣು ಮಾಡುವಾಗ ಏನು ಹೇಳಬೇಕು, ಕಾಯಿಲೆಯವರ ಮನೆಯಲ್ಲಿ ಎಷ್ಟು ಹೊತ್ತು ಕೂತು ಎದ್ದುಬಿಡಬೇಕು, ಎಲ್ಲವನ್ನೂ ಅಲ್ಲಿ ಕಲಿಸುತ್ತಿದ್ದರು. ಕಲಿಸುತ್ತಿದ್ದವರು ಸ್ಯಾಮ್ಸನ್ ಅಯ್ಯನವರು. ಹೆಸರು ಬೈಬಲ್ಲಿನ ಮಹಾಬಲಶಾಲಿಯದು, ತೂಕ ನಲವತ್ತೆಂಟು ಕೆಜಿ. ಧಾರವಾಡದ ಕಡೆಯವರಾದ್ದರಿಂದ ನಮ್ಮ ಸೀಮೆಯ ಮಾತು ಕಿವಿಗೆ ಬಿದ್ದರೆ ಹಲ್ಲಿಗೆ ಕಲ್ಲು ಸಿಕ್ಕಿದವರ ಹಾಗೆ ಮುಖ ಮಾಡುತ್ತಿದ್ದರು. ಆ ಮುಖವನ್ನು ನಾನು ಊಟದ ಹೊತ್ತಿನಲ್ಲಿ ಮಾಡಿ ತೋರಿಸುತ್ತಿದ್ದೆ.

ಶಿಷ್ಯರಲ್ಲಿ ಎಲ್ಲರಿಗಿಂತ ಹಿರಿಯರು ಮಹದೇವಯ್ಯ. ನಲವತ್ತಾರು ವರ್ಷ. ತಗಡೂರಿನಿಂದ ಮೂರು ಮೈಲಿ ಒಳಗಿನ ಹಳ್ಳಿಯವರು, ಕಬ್ಬು ಕಡಿಯುವುದನ್ನು ಬಿಟ್ಟು ಬಂದವರು. ದೀಕ್ಷಾಸ್ನಾನದ ಹೆಸರು ಮತ್ತಾಯ, ಆದರೆ ಅಯ್ಯನವರನ್ನು ಬಿಟ್ಟರೆ ಮತ್ತಾರೂ ಹಾಗೆ ಕರೆಯುತ್ತಿರಲಿಲ್ಲ. ಅವರ ಊರಿನಲ್ಲಿ ಹದಿನೆಂಟು ಮನೆಯವರು ಸೇರಿ ಒಂದು ಪ್ರಾರ್ಥನಾ ಮಂದಿರ ಕಟ್ಟಿಕೊಂಡಿದ್ದರು. ಗೋಡೆ ಇತ್ತು, ಶೀಟು ಇತ್ತು, ಪ್ರಸಂಗಪೀಠವೂ ಇತ್ತು, ಅದರ ಹಿಂದೆ ನಿಲ್ಲುವವರು ಇರಲಿಲ್ಲ. ನಮ್ಮವನೇ ಒಬ್ಬ ನಿಂತರೆ ನಮಗೂ ಅರ್ಥವಾದೀತು ಎಂದು ಊರಿನ ಸೂಲಗಿತ್ತಿ ಜವರಮ್ಮ ಹಟ ಹಿಡಿದು ಇವರನ್ನು ಕಳಿಸಿದ್ದಳು. ಎರಡು ವರ್ಷದ ಕೊನೆಗೆ ನಂಜನಗೂಡಿನಲ್ಲಿ ಹಿರಿಯರ ಮುಂದೆ ಪ್ರಸಂಗ ಪರೀಕ್ಷೆ. ಪಾಸಾದರೆ ಆ ಪೀಠ ಅವರದು.

ಅಡ್ಡವಾಗಿದ್ದದ್ದು ಒಂದೇ ಅಕ್ಷರ. ನಮ್ಮ ಕಡೆ ಮಾತಿನ ಮೊದಲಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲು, ಹಳ್ಳಿ ಅಳ್ಳಿ. ಹತ್ತು ಆಜ್ಞೆಗಳನ್ನು ಮಹದೇವಯ್ಯ ಅತ್ತು ಆಜ್ಞೆ ಎನ್ನುವರು, ಅಯ್ಯನವರು ಅವನ್ನು ಕೇಳಿ ಅಳುವುದೊಂದು ಬಾಕಿ. ನೀನು ಡಿಗ್ರಿಯವನು, ಇವರ ಉಚ್ಚಾರ ತಿದ್ದು ಎಂದು ನನಗೆ ಒಪ್ಪಿಸಿದರು. ನನ್ನ ಅಮ್ಮ ಇವತ್ತಿಗೂ ಆಲು ಎನ್ನುತ್ತಾಳೆ. ನಾನೂ ಆಲು ಕುಡಿದೇ ಬೆಳೆದವನು. ಮೈಸೂರಿನ ಹಾಸ್ಟೆಲಿನಲ್ಲಿ ಮೂರು ತಿಂಗಳು ನಗೆಪಾಟಲಾದ ಮೇಲೆ ನನ್ನ ಬಾಯಿಗೆ ಹಕಾರ ಬಂದದ್ದು. ಇದನ್ನು ನಾನು ಮಹದೇವಯ್ಯನವರಿಗೆ ಹೇಳಲಿಲ್ಲ.

ಸಂಜೆ ಹೊಳೆ ಮೆಟ್ಟಿಲ ಮೇಲೆ ಪಾಠ. ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಳ್ಳಿ, ಉಸಿರು ಬಡಿದರೆ ಹಕಾರ, ಬಡಿಯದಿದ್ದರೆ ಅಲ್ಲ ಎಂದು ತೋರಿಸಿಕೊಟ್ಟೆ. ಅವರು ಆ ಒರಟು ಅಂಗೈ ಹಿಡಿದುಕೊಂಡು ಹಾಲು, ಹಣ್ಣು, ಹೃದಯ ಎಂದು ಊದುತ್ತ ಕೂರುವರು. ಇಪ್ಪತ್ಮೂರರ ನನ್ನನ್ನು ಮೇಷ್ಟ್ರೇ ಎನ್ನುವರು. ಎಂಟು ದಿನಕ್ಕೆ ಉಸಿರು ಬಡಿಯತೊಡಗಿತು. ಆದರೆ ಯಾವ ಮಾತಿನ ಹಕಾರ ಬಿದ್ದುಹೋಗಿದೆ, ಯಾವುದಕ್ಕೆ ಮೊದಲಿಂದಲೂ ಇಲ್ಲ ಎನ್ನುವುದು ಅವರಿಗೆ ತಿಳಿಯದು. ಒಂದು ಸಂಜೆ ಅದನ್ನೇ ಕೇಳಿದರು.

ನನ್ನ ಬಾಯಿ ಸುಮ್ಮನಿರಲಿಲ್ಲ. ಪೀಠದ ಮೇಲೆ ಅನುಮಾನವೇ ಬೇಡ ಮಾದೇವಣ್ಣ, ಸ್ವರದಿಂದ ಶುರುವಾಗುವ ಮಾತಿಗೆಲ್ಲ ಹಕಾರ ಹಚ್ಚಿಬಿಡಿ, ಅದೇ ಗ್ರಂಥದ ಕನ್ನಡ ಎಂದೆ. ಅವರು ಗಂಭೀರವಾಗಿ ತಲೆ ಆಡಿಸಿ, ಅಂಗೈ ಎತ್ತಿ, ಹಪ್ಪ, ಹಮ್ಮ, ಹಣ್ಣ, ಹಕ್ಕ ಎಂದು ಇಡೀ ಮನೆಯವರಿಗೆಲ್ಲ ಉಸಿರು ಹಚ್ಚಿದರು. ಆ ರಾತ್ರಿ ಊಟಕ್ಕೆ ಕೂತಾಗ ನಾನು ಅವರ ಹಾಗೆ ಅಂಗೈ ಹಿಡಿದು ಹನ್ನ ಹೂಟ ಮಾಡಿ ತೋರಿಸಿದೆ. ಹನ್ನೆರಡು ಜನ ಬಿದ್ದುಬಿದ್ದು ನಕ್ಕರು. ಮಹದೇವಯ್ಯ ಕೆಳಗೆ ನೀರು ಹಿಡಿಯಲು ಹೋಗಿದ್ದರು.

ಪರೀಕ್ಷೆಗೆ ಮುಂಚೆ ತಿದ್ದಿಬಿಡುವ ಎಂದೇ ಇದ್ದೆ. ನಾಳೆ ಹೇಳುವ, ನಾಡಿದ್ದು ಹೇಳುವ ಎಂದುಕೊಂಡೇ ನಂಜನಗೂಡಿನ ಬಸ್ಸು ಹತ್ತಿದ್ದಾಯಿತು. ಪಕ್ಕದಲ್ಲಿ ಅವರು ಅಂಗೈ ಹಿಡಿದು ಪಿಸುಗುಡುತ್ತಿದ್ದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಬುತ್ತಿ ಬಿಚ್ಚಿ, ಹೆಂಡತಿ ಕಳಿಸಿದ್ದ ಒಬ್ಬಟ್ಟಿನಲ್ಲಿ ದೊಡ್ಡ ಪಾಲು ಮುರಿದು ನನ್ನ ಕೈಗಿಟ್ಟರು. ಹಿಂದಿನ ಸೀಟಿನಿಂದ ಗೆಳೆಯರು ನನ್ನ ಬೆನ್ನಿಗೆ ತಿವಿದು ಕಿಸಕ್ಕೆಂದರು. ತೆರೆದ ಬಾಯಿಗೆ ಒಬ್ಬಟ್ಟು ಹಾಕಿಕೊಂಡೆ.

ಅಲ್ಲಿ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ನಾಲ್ವರು ಹಿರಿಯರು, ಬಾಗಿಲ ಹತ್ತಿರ ಚಾಪೆಯ ಮೇಲೆ ಟೆಂಪೋ ಮಾಡಿಕೊಂಡು ಬಂದಿದ್ದ ಮಹದೇವಯ್ಯನವರ ಊರಿನವರು. ನಡುವೆ ಜವರಮ್ಮ, ಹೊಸ ಸೀರೆ ಉಟ್ಟು. ಮಹದೇವಯ್ಯನವರಿಗೆ ಕೊಟ್ಟಿದ್ದ ವಿಷಯ ಬೈಬಲ್ಲಿನ ಕಳೆದುಹೋದ ಕುರಿಯ ಕಥೆ.

"ಪ್ರಿಯರೇ, ನಾನು ದೇವರ ಹಾಳು" ಎಂದು ಮಹದೇವಯ್ಯ ಶುರು ಮಾಡಿದರು.

ಹಿರಿಯರೊಬ್ಬರು ಕೆಮ್ಮಿದರು. ಅಯ್ಯನವರ ಹಲ್ಲಿಗೆ ಕಲ್ಲು ಸಿಕ್ಕಿತು. ಮಹದೇವಯ್ಯ ಮುಂದುವರಿಸಿದರು. ಕುರುಬ ಹಡವಿಯಲ್ಲಿ ಹಲೆದ. ಹೊಂದು ಕುರಿಗಾಗಿ ಹತ್ತ. ಹಲೆದು ಹಲೆದು ಹಾಯಾಸವಾದ. ಹಿಂದಿನ ಸಾಲುಗಳಲ್ಲಿ ಭುಜಗಳು ಕುಣಿಯುತ್ತಿದ್ದವು. ಕಥೆಯ ನೆತ್ತಿಗೆ ಬಂದಾಗ ಅವರು, ನಾನು ಕಲಿಸಿದ್ದ ಹಾಗೆ, ಬಲ ಅಂಗೈಯನ್ನು ಬಾಯಿಯ ಮುಂದೆ ತಂದರು.

"ಹಾ ಕುರೀನ ಕಂಡ ಕೂಡ್ಲೇ ಹವನು ಹಾನಂದವಾಗಿ ಹೆತ್ಕೊಂಡ."

ಹಾಲ್ ಸ್ಫೋಟಿಸಿತು. ಹಿರಿಯರು ಕರವಸ್ತ್ರ ಮುಖಕ್ಕೆ ಒತ್ತಿಕೊಂಡರು. ಎತ್ಕೊಂಡಿದ್ದರೆ ಕುರಿ ಹೆಗಲ ಮೇಲಿರುತ್ತಿತ್ತು, ಹೆತ್ಕೊಂಡದ್ದರಿಂದ ಕುರುಬ ಬಾಣಂತಿಯಾಗಿಬಿಟ್ಟಿದ್ದ. ಮಹದೇವಯ್ಯ ಮೊದಲು ತಾವೂ ಮುಗುಳ್ನಕ್ಕರು, ಕುರಿ ಸಿಕ್ಕಿದ್ದಕ್ಕೆ ಜನ ಸಂತೋಷಪಡುತ್ತಿದ್ದಾರೆ ಎಂದು. ನಗು ನಿಲ್ಲದಾಗ ಬಾಗಿಲ ಕಡೆ ನೋಡಿದರು. ಚಾಪೆಯ ಮೇಲೆ ಒಬ್ಬರೂ ನಗುತ್ತಿರಲಿಲ್ಲ. ಜವರಮ್ಮ ಈ ನಗುವವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು. ಮಹದೇವಯ್ಯನವರ ಅಂಗೈ ಮೆಲ್ಲಗೆ ಕೆಳಗಿಳಿಯಿತು. ಉಳಿದದ್ದನ್ನು ಯಾರಿಗೂ ಕೇಳದ ದನಿಯಲ್ಲಿ ಮುಗಿಸಿದರು.

ಆಮೇಲೆ ಅಯ್ಯನವರು ನಮ್ಮಿಬ್ಬರನ್ನೂ ಒಳಗೆ ಕರೆದರು. ಹೀಗೆ ಮಾತಾಡಲು ಯಾರು ಕಲಿಸಿದರು ಎಂದು ನನ್ನನ್ನು ನೋಡಿಕೊಂಡೇ ಕೇಳಿದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ಹುಡುಕುತ್ತಿದ್ದೆ.

"ಮೇಷ್ಟ್ರು ಸರಿಯಾಗೇ ಏಳ್ಕೊಟ್ರು ಸಾ" ಎಂದರು ಮಹದೇವಯ್ಯ. "ನಂದೇ ನಾಲ್ಗೆ ಸರಿಗಿಲ್ಲ."

ಆಗ ಒಂದು ಮಾತು ಸಾಕಿತ್ತು. ಎಲ್ಲರ ದನಿಯಲ್ಲೂ ಮಾತಾಡಬಲ್ಲ ನನಗೆ ನನ್ನ ದನಿಯೊಂದು ಬರಲಿಲ್ಲ.

ತೀರ್ಮಾನವಾಯಿತು. ಮಹದೇವಯ್ಯ ಊರಿನಲ್ಲಿ ಮನೆಮನೆ ಪ್ರಾರ್ಥನೆ ನಡೆಸಬಹುದು, ಕಾಯಿಲೆಯವರನ್ನು ನೋಡಬಹುದು, ಮಣ್ಣು ಮಾಡುವಾಗ ನಿಲ್ಲಬಹುದು. ಪೀಠ ಹತ್ತುವಂತಿಲ್ಲ. ಭಾನುವಾರದ ಪ್ರಸಂಗಕ್ಕೆ ನಂಜನಗೂಡಿನಿಂದ ಉಚ್ಚಾರ ಶುದ್ಧವಿರುವ ಒಬ್ಬರು ಹೋಗಿ ಬರುವುದು. ಪಾಸಾಗಿ ನಂಜನಗೂಡಿಗೇ ನೇಮಕವಾದ ಆ ಶುದ್ಧರು ಯಾರೆಂದು ಹೇಳಬೇಕಾಗಿಲ್ಲ.

ಏಳು ವರ್ಷ ಹೋದೆ. ಮೊಪೆಡ್ಡಿನ ಸದ್ದು ಕೇಳಿದರೆ ಮಹದೇವಯ್ಯ ರಸ್ತೆಗೆ ಬಂದು ನನ್ನ ಚೀಲ ಇಸಿದುಕೊಳ್ಳುವರು. ಪೀಠದ ಧೂಳು ಒರೆಸಿರುವರು. ನಾನು ಶುರು ಮಾಡಿದ ಮೇಲೆ ಮುಂದಿನ ಸಾಲಿನಲ್ಲಿ ಕೂತು ಅಂಗೈಯನ್ನು ಬಾಯಿಯ ಮುಂದೆ ಹಿಡಿದು ನನ್ನ ಒಂದೊಂದು ಮಾತನ್ನೂ ದನಿಯಿಲ್ಲದೆ ಹಿಂದೆಯೇ ಹೇಳುವರು. ಹೊರಗಿನವರು ನೋಡಿದರೆ ಭಕ್ತಿ ಎನ್ನಬೇಕು. ಅದು ಪಾಠ ಎಂದು ನನಗೆ ಗೊತ್ತು. ನನ್ನ ಕಣ್ಣು ಆ ಸಾಲಿಗೆ ಹೋಗದ ಹಾಗೆ ಗೋಡೆಯ ಹಲ್ಲಿಯನ್ನು ನೋಡಿಕೊಂಡು ಬೋಧಿಸುವುದನ್ನು ಕಲಿತೆ. ಬೋಧಕ ಎಂದು ಬೋರ್ಡಿನಲ್ಲಿ ನನ್ನ ಹೆಸರು ಬರೆಸಿದ್ದರು, ಓದುವಾಗಲೆಲ್ಲ ಬಾಧಕ ಎಂದು ಕಾಣುತ್ತಿತ್ತು. ಎರಡು ಮೂರು ಸಲ ಹೇಳಿಬಿಡಲು ಹೊರಟೆ. ಪ್ರತಿ ಸಲವೂ ಬಾಯಿಂದ ಬಂದದ್ದು ಏನೋ ಒಂದು ಚಟಾಕಿ. ಅವರು ನಕ್ಕು, ಮೇಷ್ಟ್ರು ಮಾತಿಗೆ ಎತ್ತಿದ ಕೈ ಎನ್ನುವರು.

೨೦೦೬ರಲ್ಲಿ ಅಯ್ಯನವರಿಗೆ ವಯಸ್ಸಾಗಿ, ಪ್ರಸಂಗ ಕಲಿಸುವ ಕೆಲಸ ನನ್ನ ಮೇಲೆ ಬಿತ್ತು. ಆರು ಮಂದಿ ಶಿಷ್ಯರನ್ನು ಅಭ್ಯಾಸಕ್ಕೆಂದು ಆ ಹಳ್ಳಿಗೇ ಕರೆದುಕೊಂಡು ಹೋದೆ. ಆರಾಧನೆ ಮುಗಿದು ಊಟಕ್ಕೆ ಕೂತೆವು. ಮಹದೇವಯ್ಯ ಸಾರು ಬಡಿಸುತ್ತಿದ್ದರು, ಜವರಮ್ಮ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಶಿಷ್ಯರಲ್ಲಿ ಶಿವಮಲ್ಲಪ್ಪ ಎಂಬ ಸೋಸಲೆ ಕಡೆಯವನು ತಮಾಷೆಗಾರ. ನಮ್ಮ ಶಾಲೆಯಲ್ಲಿ ಒಂದು ಹಳೇ ಜೋಕಿದೆ ಎಂದು ಎದ್ದು ನಿಂತ. ನಾನು ಊಟದ ಹೊತ್ತಿನಲ್ಲಿ ಮಾಡಿ ತೋರಿಸಿದ್ದು, ಪರೀಕ್ಷೆಯ ದಿನದ ಮಾತನ್ನೂ ಸೇರಿಸಿಕೊಂಡು, ಬ್ಯಾಚಿನಿಂದ ಬ್ಯಾಚಿಗೆ ಇಳಿದು ಬಂದಿತ್ತು. ಆತನಿಗೆ ಅದು ಯಾರದೆಂದು ಗೊತ್ತಿಲ್ಲ. ಅಂಗೈ ಬಾಯಿಯ ಮುಂದೆ ಹಿಡಿದ. ಕತ್ತು ಒಂದಿಷ್ಟು ವಾಲಿಸಿದ. ನನ್ನ ನಕಲಿನ ನಕಲು, ಒಂದು ಕೂದಲೂ ಕೊಂಕದೆ.

"ಹಾನಂದವಾಗಿ ಹೆತ್ಕೊಂಡ."

ಶಿಷ್ಯರು ನಕ್ಕರು. ಮಹದೇವಯ್ಯನವರ ಸೌಟು ಎಲೆಯ ಮೇಲೆ ಹಾಗೇ ನಿಂತಿತು. ಅವರು ಶಿವಮಲ್ಲಪ್ಪನ ಅಂಗೈ ನೋಡಿದರು, ನನ್ನ ಮುಖ ನೋಡಿದರು.

ನಾನು ಎದ್ದು ನಿಂತೆ. ಕೈಯೆಲ್ಲ ಎಂಜಲು.

"ಮಾದೇವಣ್ಣ, ನಿಮ್ಮ ನಾಲಿಗೆ ಸರಿಯಾಗೇ ಇತ್ತು. ತಪ್ಪು ಹೇಳಿಕೊಟ್ಟವನು ನಾನು. ಬೇಕೂಂತಲೇ ಹೇಳಿಕೊಟ್ಟೆ."

ಶಿವಮಲ್ಲಪ್ಪ ಕೈ ಕೆಳಗಿಳಿಸಿ ಕೂತುಬಿಟ್ಟ. ಮಹದೇವಯ್ಯ ಸಾರಿನ ಪಾತ್ರೆಯನ್ನು ನೆಲಕ್ಕಿಟ್ಟರು.

"ಬೇಕೂಂತ್ಲಾ" ಎಂದರು. "ಏಳು ವರ್ಸದಿಂದ ದಿನಾ ಬೆಳಿಗ್ಗೆ ನಾಲ್ಗೇನ ಬೈಕೊಂಡೇ ಮುಖ ತೊಳೀತಿದ್ದೆ ಮೇಷ್ಟ್ರೇ."

ಕಂಬದ ಕಡೆಯಿಂದ ಜವರಮ್ಮ ಉಗಿದು ಬಂದು, ಈ ಪಟ್ಟಣದವರು ಅವತ್ತೂ ನಕ್ಕರು, ಇವತ್ತೂ ನಗುತ್ತಾರೆ, ಅದರಲ್ಲಿ ನಗುವಂಥದ್ದು ಏನಿದೆ ಅಂತ ಕೇಳಿದಳು. ಕುರಿ ಸಿಕ್ತು, ಎತ್ಕೊಂಡ, ಸರಿಯಾಗೇ ಏಳವ್ನೆ ಎಂದಳು. ಶಿವಮಲ್ಲಪ್ಪ ತಡೆಯಲಾರದೆ, ಅಜ್ಜಿ, ಎತ್ತಿಕೊಂಡದ್ದಾ, ಮಗು ಹೆತ್ತ ಹಾಗೆ ಹೆತ್ತುಕೊಂಡದ್ದಾ ಎಂದ.

"ಎರಡೂ ಒಂದೇಯ ಕಣ್ಲಾ" ಎಂದಳು ಜವರಮ್ಮ. "ಸುಮ್ಕೆ ಎತ್ಕೊಂಡೋನು ಕೈ ಸೋತ್ರೆ ಇಳಿಸ್ಬುಡ್ತಾನೆ. ಎತ್ತೋರು ಎಲ್ಲಿ ಇಳಿಸಾರು. ಅವತ್ತಿನ ಪರ್ಸಂಗದಲ್ಲಿ ನಂಗೆ ತಿಳಿದಿದ್ದು ಅದೊಂದೇ ಮಾತು. ಇವರು ಏಳು ವರ್ಸ ಏಳಿದ್ದು ಒಂದೂ ಗ್ಯಾಪ್ಕ ಇಲ್ಲ."

ಹಕಾರ ನಿಲ್ಲದ ಆ ಬಾಯಲ್ಲಿ ಎತ್ತಿಕೊಂಡದ್ದೂ ಹೆತ್ತುಕೊಂಡದ್ದೂ ಒಂದೇ ಮಾತು, ಹೆತ್ತೋರೂ ಎತ್ತೋರೇ. ಅದಕ್ಕೇ ಅವತ್ತು ಚಾಪೆಯ ಮೇಲೆ ಯಾರೂ ನಕ್ಕಿರಲಿಲ್ಲ, ನಗಲು ಅಲ್ಲಿ ಏನೂ ಇರಲಿಲ್ಲ. ಆ ಪೀಠ ಯಾರ ಕಿವಿಗಾಗಿ ಕಟ್ಟಿದ್ದೋ ಅವರಿಗೆ ಪ್ರಸಂಗ ತಲುಪಿತ್ತು. ತಲುಪದವರು ಸೇರಿ ಫೇಲು ಮಾಡಿದ್ದೆವು. ನಾನು ತಲೆ ತಗ್ಗಿಸಿ ಕೈಯ ಎಂಜಲು ನೋಡುತ್ತ ನಿಂತಿದ್ದೆ. ಅಯ್ಯನವರ ಹತ್ತಿರ ನಾಳೆಯೇ ಹೋಗಿ ಎಲ್ಲ ಹೇಳುತ್ತೇನೆ ಎಂದೆ.

"ಏಳಿ" ಎಂದರು ಮಹದೇವಯ್ಯ. "ಏಳದಿದ್ರೂ ಬರೋ ಬಾನ್ವಾರ ಮೇಲೆ ನಿಲ್ಲೋನು ನಾನೇಯ. ನೀವು ಮುಂದಿನ ಸಾಲಲ್ಲಿ ಕೂತ್ಕಳಿ ಮೇಷ್ಟ್ರೇ. ಅಂಗೈ ಬಾಯ್ಮುಂದೆ ಇಟ್ಕಂಡು."

ಎನ್ನುತ್ತ ತಮ್ಮ ಅಂಗೈ ಎತ್ತಿ, ಕತ್ತು ವಾಲಿಸಿ, ಹುಬ್ಬು ಹಾರಿಸಿದರು. ಅದು ಅವರಲ್ಲ, ನಾನು. ಹೊಳೆ ಮೆಟ್ಟಿಲ ಮೇಲೆ ಪಾಠ ಹೇಳುವ ನಾನು, ಹುಬ್ಬಿನ ಗತ್ತಿನ ಸಮೇತ. ಏಳು ವರ್ಷ ಮುಂದಿನ ಸಾಲಿನಲ್ಲಿ ಕೂತು ಅವರು ನನ್ನ ಮಾತನ್ನಷ್ಟೇ ಕಲಿತಿರಲಿಲ್ಲ. ಶಿಷ್ಯರು ಒಬ್ಬೊಬ್ಬರೇ ನಕ್ಕರು, ಜವರಮ್ಮ ನಕ್ಕಳು. ನನಗೆ ನಗಲಾಗಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವರು ಮಹದೇವಯ್ಯ, ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ, ಹಹ್ಹಹ್ಹಾ ಎಂದು. ಒಂದು ಹಕಾರವೂ ಬಿದ್ದುಹೋಗಿರಲಿಲ್ಲ.