ಮೈನಸ್ ಎಂಬತ್ತರಲ್ಲಿ ವೈಜಯಂತಿ

ನಾನು ಕಿರುಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ಸೀಸೆ. ಕಾರ್ಖಾನೆಯ ಅಚ್ಚಿನಿಂದ ಸಾವಿರಾರು ಒಡಹುಟ್ಟಿದವರ ಜೊತೆ ಉದುರಿದೆ. ಅವರು ಯಾರೂ ನನ್ನನ್ನು ಮಾತಾಡಿಸಿದ ನೆನಪಿಲ್ಲ.

ಹುಬ್ಬಳ್ಳಿಯ ಒಂದು ಹೆರಿಗೆ ಆಸ್ಪತ್ರೆಗೆ ಬಂದೆ. ಅಲ್ಲಿಗೆ ಬರುವ ಬಸುರಿಯರಲ್ಲಿ ಎಷ್ಟು ಜನಕ್ಕೆ ಹಿಂದೆ ಡೆಂಗಿ ಬಂದುಹೋಗಿದೆ ಎಂದು ಪತ್ತೆ ಮಾಡುವುದು ಲ್ಯಾಬಿನ ಫರೀದಾ ಮೇಡಂ ಕೆಲಸ. ಒಂದು ಬೆಳಿಗ್ಗೆ ಏಳು ತಿಂಗಳ ಬಸುರಿಯೊಬ್ಬಳು ಅತ್ತೆಯ ಜೊತೆ ಅವರೆದುರು ಕೂತಳು. ನಾನು ಮೇಜಿನ ಮೇಲಿದ್ದೆ.

“ಹಿಂದ ಯಾವಾಗರೆ ಡೆಂಗಿ ಆಗಿತ್ತೇನವಾ?”

“ಇಲ್ರಿ. ಮದುವಿಗಿಂತ ಮೊದಲ ಒಮ್ಮೆ ಜ್ವರ ಬಂದಿತ್ತು. ಕಷಾಯ ಕುಡದು ಮಲಕೊಂಡಿದ್ದೆ.”

“ಹೆಸರು?”

ಆಕೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಂದಳು: “ವೈಜಯಂತಿ ಅಂತ ಬರಕೊಳ್ರಿ. ಪಲ್ಲವಿ ಅನ್ನೋದು ತವರಮನಿ ಹೆಸರು. ಮದುವ್ಯಾಗ ತಾಟಿನ ಅಕ್ಕಿಯೊಳಗ ನಾವು ಹೊಸ ಹೆಸರು ವೈಜಯಂತಿ ಅಂತ ಬರಸೇವಿ.”

ಮೇಡಂ ಹಾಗೇ ಚೀಟಿ ಬರೆದು ನನ್ನ ಮೈಗೆ ಅಂಟಿಸಿದರು. ಆಸ್ಪತ್ರೆಯ ಕಾರ್ಡು ಹುಡುಗಿಯ ಕೈಯಲ್ಲೇ ಇತ್ತು, ಪಲ್ಲವಿ ಎಂಬ ಹೆಸರಿನಲ್ಲಿ. ಯಾರೂ ಅದನ್ನು ತೆರೆದು ನೋಡಲಿಲ್ಲ. ಆಕೆಯ ರಕ್ತ ತೆಗೆದು, ಅದರ ತಿಳಿಯಾದ ಸೀರಮ್ಮನ್ನು ನನ್ನೊಳಗೆ ತುಂಬಿದಾಗ ಅದು ಇನ್ನೂ ತುಸು ಬೆಚ್ಚಗಿತ್ತು. ಬಾಳಿನಲ್ಲಿ ನಾನು ಕಂಡ ಬಿಸಿ ಅಷ್ಟೇ.

ಪರೀಕ್ಷೆಯಲ್ಲಿ ಗೊತ್ತಾಯಿತು: ಆ ಹಳೆಯ ಜ್ವರ ಡೆಂಗಿಯೇ. ಎರಡನೇ ಸಲ ಬಂದರೆ ಜೀವಕ್ಕೆ ಹೆಚ್ಚು ಅಪಾಯ, ತಡಮಾಡದೆ ಆಸ್ಪತ್ರೆಗೆ ಬರಬೇಕು. ಅದನ್ನು ಹೇಳಲು ಮೇಡಂ ಫೋನ್ ನಂಬರಿಗಾಗಿ ಆಸ್ಪತ್ರೆಯ ರಿಜಿಸ್ಟರನ್ನು ಮೂರು ಸಲ ತಿರುವಿದರು. ವೈಜಯಂತಿ ಎಲ್ಲೂ ಇರಲಿಲ್ಲ. ನೂರಾರು ಬಸುರಿಯರ ನಡುವೆ ಆಕೆಯ ಮುಖವೂ, ಅತ್ತೆ ಹೇಳಿದ್ದ ತವರುಮನೆ ಹೆಸರೂ ಅವರಿಗೆ ಮರೆತುಹೋಗಿದ್ದವು. ನನ್ನನ್ನು ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿಗೆ ಹಾಕಿದರು. ಇಲ್ಲಿ ಅಕ್ಕಪಕ್ಕ ನೂರಾರು ಜನ ಇದ್ದೇವೆ, ಎಲ್ಲರೂ ಕಲ್ಲು. ಇಷ್ಟು ಜನರ ನಡುವೆ ಇಷ್ಟು ಒಂಟಿತನ ಇರಬಹುದೆಂದು ನನಗೆ ಗೊತ್ತಿರಲಿಲ್ಲ.

ಮೊನ್ನೆ ಮೇಡಂ ಬಾಗಿಲು ತೆಗೆದು ನನ್ನನ್ನು ಕೈಗೆತ್ತಿಕೊಂಡರು.

“ಈ ವೈಜಯಂತಿ ಯಾರೋ ಏನೋ, ಸಿಗಲೇ ಇಲ್ಲ ನೋಡು,” ಎಂದು ಜೊತೆಯವಳಿಗೆ ಹೇಳಿದರು.

ಅದೇ ಹೊತ್ತಿಗೆ ಪಕ್ಕದ ಲಸಿಕೆ ಕೋಣೆಯಿಂದ ನರ್ಸ್ ಕೂಗಿದಳು, “ಪಲ್ಲವಿ ಯಾರ್ರೀ? ಕೂಸಿನ್ನ ಕರಕೊಂಡು ಬರ್ರಿ.”

“ಬಂದೆ ರೀ,” ಅಂದಿತು ಒಂದು ದನಿ. ಅದು ಆಕೆಯದೇ. ಹಿಂದೆಯೇ ಕೂಸು ಅತ್ತಿತು.

ಮೇಡಂಗೂ ಆಕೆಗೂ ನಡುವೆ ಒಂದೇ ಗೋಡೆ. ನನಗೆ ಬಾಯಿಲ್ಲ. ಮೇಡಂ ನನ್ನನ್ನು ಒಳಗಿಟ್ಟು ಬಾಗಿಲು ಹಾಕಿದರು.

ಈಗ ನಾನು ಹಳಬ. ಚೀಟಿಯ ಅಂಚು ಎದ್ದಿದೆ, ಹೆಸರು ಮಾತ್ರ ಮಾಸಿಲ್ಲ. ಹೊರಗೆ ಮಳೆಗಾಲವಂತೆ. ಜ್ವರ ಬಂದರೆ ಆಕೆ ಈ ಸಲವೂ ಕಷಾಯ ಕುಡಿದು, ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಮಲಗುತ್ತಾಳೆ. ನನಗೆ ಅದೇ ಹೆದರಿಕೆ.